ಶುಕ್ರವಾರಕ್ಕೊಮ್ಮೆ ತಿರುಗಿಸಿದ ಎಂಜಿನ್

ಚಾಂದಪಾಶಾ ಮಿಸ್ತ್ರಿ ತಮ್ಮ ಗ್ಯಾರೇಜಿನ ಮುಂದೆ ಎಡಗೈ ಎತ್ತಿದರೆ ಸುರಪುರದಿಂದ ರಂಗಂಪೇಟೆಗೆ ಹೋಗುವ ಆ ರಸ್ತೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಎದುರಿನ ಚಹಾದಂಗಡಿಯವನು ಸ್ಟೋವಿನ ಗಾಳಿ ಇಳಿಸುತ್ತಿದ್ದ. ಪಕ್ಕದ ಪಂಕ್ಚರ್ ಅಂಗಡಿಯ ಸುತ್ತಿಗೆ ನಿಲ್ಲುತ್ತಿತ್ತು. ಮಿಸ್ತ್ರಿ ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಅದರ ಕಟ್ಟಿಗೆಯ ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾರಾದರೂ ಕೆಮ್ಮಿದರೂ ಗದರುತ್ತಿದ್ದರು.

"ಸುಮ್ಮ್ ಇರ್ರೆಪಾ, ಎಂಜಿನ್ ಮಾತಾಡಾಕತ್ತದ."

ಒಮ್ಮೆ ಬೋನಾಳದ ಒಬ್ಬ ರೈತ ಟ್ರ್ಯಾಕ್ಟರ್ ತಂದು, ಒಳಗೆ ಏನೋ ಮುರಿದು ಕಟಕಟ ಅನ್ನುತ್ತಿದೆ, ಎಂಜಿನ್ ಬಿಚ್ಚಲೇಬೇಕು ಎಂದು ಹಟ ಹಿಡಿದ. ಮಿಸ್ತ್ರಿ ನಾಲ್ಕು ಕಡೆ ಸ್ಕ್ರೂಡ್ರೈವರ್ ಇಟ್ಟು ಕೇಳಿದರು. "ಎಂಜಿನ್‌ಗೆ ಏನೂ ಆಗಿಲ್ಲೋ ತಮ್ಮಾ. ನಿನ್ನ ಸೀಟಿನ ಕೆಳಗ ಬುತ್ತಿ ಡಬ್ಬಿ ಅದ, ಅದರಾಗ ಒಂದು ಚಮಚಾ ಅದ. ತಗದು ಓಡಸು" ಎಂದರು. ಚಮಚ ಇತ್ತು. ರೈತ ಹೋದ ಮೇಲೆ ನನ್ನ ಕಡೆ ತಿರುಗಿ, "ಮನಶ್ಯಾ ಸುಳ್ಳು ಹೇಳ್ತಾನ್ರಿ ಅಕ್ಕಾರ, ಎಂಜಿನ್ ಹೇಳಂಗಿಲ್ಲ" ಎಂದು ನಕ್ಕರು. ನಾನು ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕಾರು. ನಾನು ಅವರಿಗೆ ಚಾಚಾ ಎನ್ನುತ್ತಿದ್ದೆ.

ನಮ್ಮಿಬ್ಬರ ನಂಟು ಬೆಸೆದದ್ದು ನನ್ನ ಕಾಕಾನ ಕಾರು. ಅಪ್ಪನ ತಮ್ಮನಾದ ಕಾಕಾ ಮದುವೆಯಾಗಲಿಲ್ಲ. ಶಾರ್ಜಾದಲ್ಲಿ ದುಡಿದು ಊರಿಗೆ ಮರಳುವಾಗ ಹಡಗಿನಲ್ಲಿ ಒಂದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಮೈ, ಒತ್ತಿದರೆ ರೆಪ್ಪೆ ತೆರೆದಂತೆ ಮೇಲೇಳುವ ದೀಪಗಳು. ಶಹಾಪುರದ ರಸ್ತೆಯ ಉಬ್ಬು ದಾಟಿಸಬೇಕಾದರೆ ಕಾಕಾ ದೇವರನ್ನು ನೆನೆಯುತ್ತಿದ್ದ. ಅದರ ಎಂಜಿನ್ ಎಲ್ಲ ಎಂಜಿನ್ನುಗಳಂಥದ್ದಲ್ಲ. ಅದರಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ಎರಡು ದಪ್ಪ ಬಿಲ್ಲೆಗಳು ಒಳಗೆ ಸುತ್ತುತ್ತವೆ, ಅಷ್ಟೇ. ಯಾದಗಿರಿಯಿಂದ ಕಲಬುರಗಿಯವರೆಗೆ ಅಂಥದ್ದನ್ನು ಮುಟ್ಟಿ ನೋಡಿದ್ದ ಮಿಸ್ತ್ರಿ ಒಬ್ಬರೇ. ಚಾಂದಪಾಶಾ ತರುಣರಾಗಿದ್ದಾಗ ಒಂಬತ್ತು ವರ್ಷ ಅದೇ ಶಾರ್ಜಾದ ಗ್ಯಾರೇಜಿನಲ್ಲಿ ಇಂಥವೇ ಎಂಜಿನ್ ಬಿಚ್ಚಿ ಕಟ್ಟಿದ್ದರು.

"ಸಮೋಸಾ ತಿರಗ್ತದ ನೋಡ್ರಿ ಒಳಗ" ಎಂದು ನನಗೆ ಪಾಠ ಹೇಳಿದ್ದರು. "ಇದರಾಗ ಏರೂದಿಲ್ಲ, ಇಳಿಯೂದಿಲ್ಲ, ಬರೇ ತಿರಗೂದು. ನಿಂತಾಗ ಧಪ್ ಧಪ್ ಅಂತದ, ಕುಂಟವ್ರು ನಡದಂಗ. ಕಾಲಿಲೆ ಒತ್ತಿದ್ರ ಮಾತ್ರ ಮ್ಯಾಲೆ ಹೋಗಿ ಶಹನಾಯಿ ಆಗ್ತದ. ಆ ಆವಾಜ್ ಒಮ್ಮಿ ಕಿವ್ಯಾಗ ಹೊಕ್ಕರ ಹೊರಗ ಬರಂಗಿಲ್ಲ."

ನನಗೆ ಡ್ರೈವಿಂಗ್ ಕಲಿಸಿದ್ದು ಕಾಕಾ, ಆ ಕಾರಿನಲ್ಲೇ. ಅವನು ತೀರಿಕೊಂಡ ಮೇಲೆ ಕಾರು ನನ್ನದಾಯಿತು. ಮರುವರ್ಷದ ಬೇಸಿಗೆಯಲ್ಲಿ ಅದನ್ನು ನಾನೇ ಕೊಂದೆ. ಭೀಮರಾಯನಗುಡಿಗೆ ಹೊರಟಿದ್ದೆ. ಕಾವು ತೋರಿಸುವ ಮುಳ್ಳು ಮೇಲೇರಿತು. ಅದರ ವೈರು ಸಡಿಲವಿದ್ದದ್ದರಿಂದ ಮುಳ್ಳು ಸುಮ್ಮನೆ ಏರುವ ಚಾಳಿ ಮೊದಲಿನಿಂದ ಇತ್ತು. ಕಾಕಾ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ, ಅದು ಇಳಿಯುತ್ತಿತ್ತು. ನಾನೂ ತಟ್ಟಿದೆ. ಇಳಿಯಲಿಲ್ಲ. ಮತ್ತೆ ತಟ್ಟಿದೆ. ಅವತ್ತು ಮುಳ್ಳು ನಿಜ ಹೇಳುತ್ತಿತ್ತು, ನೀರಿನ ಪೈಪು ಒಡೆದಿತ್ತು. ಕಾಲುವೆಯ ಸೇತುವೆ ಬರುವಷ್ಟರಲ್ಲಿ ಎಂಜಿನ್ ಒಂದು ಸಲ ನರಳಿ ನಿಂತುಹೋಯಿತು.

ಮಿಸ್ತ್ರಿ ಕಾರನ್ನು ಎಳೆಸಿಕೊಂಡು ಹೋಗಿ ಬಿಚ್ಚಿ ನೋಡಿದರು. ಕಾವಿಗೆ ಒಳಗಿನ ಗೋಡೆ ಸೊಟ್ಟಾಗಿತ್ತು. ಬಯ್ಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಬಯ್ಯಲಿಲ್ಲ. ಅದೇ ಜಾತಿಯ ಹೊಸ ಮಾದರಿಯ ಎಂಜಿನ್ ಹಾಕಬಹುದು, ಬಲವೂ ಹೆಚ್ಚು ಎಂದರು. ಆ ದಸರೆಯ ಹೊತ್ತಿಗೆ ಶಾರ್ಜಾದ ಹಳೆಯ ಗೆಳೆಯನೊಬ್ಬ ಮುಂಬಯಿಯವರೆಗೆ ಕಳಿಸಿದ ಎಂಜಿನ್, ಅಲ್ಲಿ ಹತ್ತಿ ಮೂಟೆ ಇಳಿಸಿ ಮರಳುತ್ತಿದ್ದ ಶಹಾಪುರದ ಲಾರಿಯಲ್ಲಿ, ಕಟ್ಟಿಗೆಯ ಪೆಟ್ಟಿಗೆಯೊಳಗೆ ಕೂತು ಬಂತು.

ಪೆಟ್ಟಿಗೆ ನೋಡಿದ ಕೂಡಲೇ ನನಗೆ ಏನಾಯಿತೋ. ಕಾಕಾನ ಎಂಜಿನ್ ತೆಗೆದು ಬೇರೆಯದನ್ನು ಹಾಕಿದರೆ ಅದು ಕಾಕಾನ ಕಾರು ಹೇಗಾದೀತು ಅನ್ನಿಸಿತು. "ಈಗ ಬ್ಯಾಡ ಚಾಚಾ, ಸ್ವಲ್ಪ ದಿನಾ ಹೋಗಲಿ" ಎಂದೆ.

ಅವರು ಕೈ ಒರೆಸಿಕೊಂಡು ನನ್ನನ್ನು ಪೆಟ್ಟಿಗೆಯ ಮೇಲೆ ಕೂರಿಸಿದರು. "ಒಂದು ಮಾತು ಹೇಳ್ತೀನಿ ಅಕ್ಕಾರ, ಗಿರಾಕಿಗೋಳಿಗೆ ಹೇಳಬ್ಯಾಡ್ರಿ. ನನ್ನ ಬಲಗಿವಿ ಹೋಗ್ಯದ. ಎಡಗಿವಿನೂ ಹೊಂಟದಂತ ಕಲಬುರಗಿ ಡಾಕ್ಟರ್ ಹೇಳ್ಯಾರ. ಕಿವಿಗೆ ಮಷೀನ್ ಹಾಕಿದ್ರೂ ಉಪಯೋಗಿಲ್ಲಂತ. ಪೂರಾ ಹೋಗೂದ್ರೊಳಗ ಆ ಶಹನಾಯಿ ಇನ್ನೊಮ್ಮಿ ಕೇಳಬೇಕಂತ ಆಸೆ ಅದ. ಮತ್ತೇನಿಲ್ಲ." ಆಮೇಲೆ ಹಳೆಯ ಎಂಜಿನ್ನಿನ ಮುಂಭಾಗ ತೋರಿಸಿ ಏನೋ ಹೇಳಿದರು. ನನ್ನ ಮನಸ್ಸು ಎಲ್ಲೋ ಇತ್ತು, ತಲೆಯಾಡಿಸಿದೆ.

ಅಷ್ಟು ಬಿಡಿಸಿ ಹೇಳಿದ ಮೇಲೂ ನಾನು ಹತ್ತಿರ ಹತ್ತಿರ ಎರಡು ವರ್ಷ ತಡ ಮಾಡಿದೆ. ಪರೀಕ್ಷೆ ಮುಗಿಯಲಿ ಎಂದೆ. ಬೇಸಿಗೆ ಕಳೆಯಲಿ ಎಂದೆ. ಕಾಕಾನ ಈ ವರ್ಷದ ತಿಥಿ ಆಗಲಿ ಎಂದೆ. ಮರು ಬೇಸಿಗೆಯಲ್ಲಿ ಪೇಪರ್ ತಿದ್ದುವುದಿದೆ ಎಂದೆ. ಪ್ರತಿ ಸಲವೂ ಅವರು "ಆಯ್ತ್ರಿ, ನಿಮ್ಮ ಮನಸ್ಸು ಆದಾಗ" ಎನ್ನುತ್ತಿದ್ದರು. ಕಿವಿ ಹೋಗುವುದೆಂದರೆ ನಿಧಾನಕ್ಕೆ ಆಗುವ ಕೆಲಸ, ವಿಜ್ಞಾನದ ಅಕ್ಕಾರಾದ ನನಗೆ ಗೊತ್ತಿಲ್ಲವೇ ಎಂದು ನನ್ನಷ್ಟಕ್ಕೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಅವರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ತೆಗೆಯುತ್ತಿದ್ದರು. ತುಕ್ಕು ಹಿಡಿಯಬಾರದೆಂದು ಎರಡು ಹನಿ ಎಣ್ಣೆ ಬಿಟ್ಟು, ನಟ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸುತ್ತಿದ್ದರು. ಹಾಗೆ ತಿರುಗಿಸಿದಾಗ ಒಳಗಿನ ಗಾಳಿ ಫಸ್, ಫಸ್, ಫಸ್ ಎಂದು ಹೊರಬರುತ್ತದೆ. ಒಂದು ಬಿಲ್ಲೆಗೆ ಮೂರು ಉಸಿರು.

ಎರಡನೆಯ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನನ್ನ ಸ್ಕೂಟಿಯ ಬ್ರೇಕ್ ತೋರಿಸಲು ಹೋಗಿದ್ದೆ. ಮಿಸ್ತ್ರಿ ಒಂದು ಜೀಪಿನ ಮೇಲೆ ಬಾಗಿದ್ದರು. ಸ್ಟೋವು ಭರ್ ಎನ್ನುತ್ತಿತ್ತು, ಸುತ್ತಿಗೆ ಬಡಿಯುತ್ತಿತ್ತು, ಕಬ್ಬಿಣದ ಸಲಾಕೆ ಹೇರಿದ ಟ್ರ್ಯಾಕ್ಟರೊಂದು ಗದ್ದಲ ಮಾಡುತ್ತ ಹೋಯಿತು. ಮಿಸ್ತ್ರಿ ಎಡಗೈ ಎತ್ತಲಿಲ್ಲ. ಯಾರನ್ನೂ ಗದರಲಿಲ್ಲ. ಹತ್ತಿರ ಹೋಗಿ ನೋಡಿದರೆ ಸ್ಕ್ರೂಡ್ರೈವರಿನ ಹಿಡಿ ಅವರ ಕಿವಿಯಲ್ಲಿರಲಿಲ್ಲ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು.

"ಚಾಚಾ" ಎಂದೆ. ತಿರುಗಲಿಲ್ಲ. ಭುಜ ಮುಟ್ಟಿದೆ. ಹಿಡಿಯನ್ನು ಬಾಯಿಂದ ತೆಗೆದು, ಕದ್ದು ಸಿಕ್ಕಿಬಿದ್ದವರಂತೆ ನಕ್ಕರು. ಅಂಗಡಿಯ ಗೋಡೆಗೆ ಒಂದು ಪಾಟಿ ತೂಗುಹಾಕಿದ್ದರು. ಗಿರಾಕಿಗಳು ತಮ್ಮ ತಕರಾರನ್ನು ಅದರ ಮೇಲೆ ಬರೆಯುತ್ತಿದ್ದರು. ನಾನು ಬಳಪ ತೆಗೆದುಕೊಂಡು 'ಹೊಸ ಎಂಜಿನ್ ಹಾಕಿಬಿಡಿ' ಎಂದು ಬರೆದೆ. ಅವರು ಓದಿ, ಪಾಟಿ ಒರೆಸಿ, "ಹಾಕೋಣ್ರಿ" ಎಂದರು.

ಕೆಲಸ ಸಂಕ್ರಮಣದವರೆಗೆ ನಡೆಯಿತು. ಹೊಸ ಎಂಜಿನ್ ಹಳೆಯ ಕಾರಿನಲ್ಲಿ ನೇರ ಕೂರುವುದಿಲ್ಲ. ಅದನ್ನು ಹಿಡಿಯುವ ಕಾಲುಗಳ ಜಾಗವೇ ಬೇರೆ. ಹಳೆಯ ಎಂಜಿನ್ನಿನ ಮುಂದಿನ ಮುಚ್ಚಳವನ್ನು ಬಿಚ್ಚಿ ಹೊಸದಕ್ಕೆ ತೊಡಿಸಿದರೆ ಮಾತ್ರ ಅದು ಹಳೆಯ ಜಾಗದಲ್ಲಿ ನಿಲ್ಲುತ್ತದೆ. ಮಿಸ್ತ್ರಿ ಆ ಮುಚ್ಚಳವನ್ನು ತೊಳೆದು, ಒರೆಸಿ, ನನ್ನ ಕೈಯಲ್ಲಿಟ್ಟರು.

"ನಿಮ್ಮ ಕಾಕಾನ ಎಂಜಿನ್ ಪೂರಾ ಎಲ್ಲಿ ಹೋಗ್ತದ್ರಿ? ಮುಂದ ನಿಂತು ಹೊಸಾದನ್ನ ಹಿಡಕೊಂಡಿರ್ತದ. ಪೆಟ್ಟಿಗಿ ಬಂದ ದಿನಾನೇ ಹೇಳಿದ್ದೆನಲ್ರಿ."

ಹೇಳಿದ್ದರು. ಕಿವಿ ಚೆನ್ನಾಗಿದ್ದ ನಾನು ಕೇಳಿಸಿಕೊಂಡಿರಲಿಲ್ಲ.

ಎಂಜಿನ್ ಶುರು ಮಾಡುವ ದಿನ ಬೆಳಿಗ್ಗೆ ಅವರು ಕುರ್ತಾ ಬದಲಿಸಿ ಬಂದಿದ್ದರು. ನನ್ನನ್ನು ಒಳಗೆ ಕೂರಿಸಿ, ಕೀಲಿ ತಿರುಗಿಸಲು ಸನ್ನೆ ಮಾಡಿ, ಬಾನೆಟ್ಟಿನ ಮುಂದೆ ನಿಂತರು. ಮೂರು ಸಲ ಆಗಲಿಲ್ಲ. ನಾಲ್ಕನೆಯ ಸಲಕ್ಕೆ ಹಿಂದಿನಿಂದ ನೀಲಿ ಹೊಗೆ ಎದ್ದು, ಎಂಜಿನ್ ಹತ್ತಿಕೊಂಡಿತು. ಧಪ್, ಧಪ್, ಧಪ್. ಕುಂಟರು ನಡೆದಂತೆಯೇ. ರಸ್ತೆಯ ಜನ ಓಡಿ ಬಂದರು. ಚಹಾದವನು ಚಪ್ಪಾಳೆ ತಟ್ಟಿದ. ಮಿಸ್ತ್ರಿ ಎಂಜಿನ್ ನೋಡಲಿಲ್ಲ, ಗಾಜಿನ ಮೂಲಕ ನನ್ನ ಮುಖ ನೋಡುತ್ತಿದ್ದರು.

"ಬಂತೇನ್ರಿ? ಆವಾಜ್ ಬಂತೇನ್ರಿ?"

ನಾನು ಅಳುತ್ತ ತಲೆಯಾಡಿಸಿದೆ. ಅವರು ಬಗಲಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಕಾಕಾನ ಮುಚ್ಚಳದ ಮೇಲೆ ಒತ್ತಿದರು. ಕಣ್ಣು ಮುಚ್ಚಿದರು. ಆಮೇಲೆ ಎಷ್ಟೋ ತಿಂಗಳ ನಂತರ ಆ ಎಡಗೈ ಮೇಲೆದ್ದಿತು. ರಸ್ತೆ ಬಾಯಿ ಮುಚ್ಚಿಕೊಂಡಿತು. ಅವರಿಗೆ ಕೇಳುವುದಿಲ್ಲ ಎಂದು ಅಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತಿತ್ತು, ಆದರೂ ಒಬ್ಬರೂ ಉಸಿರೆತ್ತಲಿಲ್ಲ. ಅವರು ಬಲಗೈಯಿಂದ ನನಗೆ ಒತ್ತಿ ಎಂದು ಸನ್ನೆ ಮಾಡಿದರು. ಒತ್ತಿದೆ. ಧಪ್ ಧಪ್ ಎಲ್ಲ ಕೂಡಿ ಒಂದೇ ಎಳೆಯಾಗಿ ಮೇಲೇರಿತು. ಅವರು ಹೇಳಿದ್ದು ಸುಳ್ಳಲ್ಲ, ಶಹನಾಯಿಯೇ.

ಸ್ಕ್ರೂಡ್ರೈವರ್ ತೆಗೆದು ಅವರು ಕಿಟಕಿಯ ಬಳಿ ಬಂದರು. "ಧಪ್ ಧಪ್ ಸಿಕ್ತುರಿ, ಹಲ್ಲಿಗೆ ಸಿಕ್ತು. ಮ್ಯಾಲಿಂದು ಸಿಗಲಿಲ್ಲ. ಬರೇ ನಡುಕ. ಇರ್ಲಿ, ಸಾಕು." ಹಲ್ಲಿನಿಂದ ಎಲುಬಿಗೆ, ಎಲುಬಿನಿಂದ ಒಳಗಿವಿಗೆ ಸದ್ದು ಹೋಗುತ್ತದೆಂದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಒಳಗಿವಿಯೇ ಸತ್ತ ಮೇಲೆ ಉಳಿಯುವುದು ನಡುಕವಷ್ಟೇ ಎಂಬುದೂ ನನಗೆ ಗೊತ್ತಿತ್ತು.

ಮರುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೋನಾಳ ಕೆರೆಯ ಕಡೆ ಹೋದೆ. ನೇರ ರಸ್ತೆ ಸಿಕ್ಕಾಗ ಜೋರಾಗಿ ಒತ್ತಿದೆ. ಮಿಸ್ತ್ರಿ ರಸ್ತೆ ನೋಡಲಿಲ್ಲ, ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮುಳ್ಳನ್ನೇ ನೋಡುತ್ತಿದ್ದರು. ಅದು ಒಂದು ಗೆರೆ ದಾಟಿತು. "ಈಗ ಬರಾಕತ್ತದಲ್ರಿ?" ಎಂದು ಕೇಳಿದರು. ಹೌದು, ಅದೇ ಗಳಿಗೆಗೆ ಆ ದನಿ ಶುರುವಾಗಿತ್ತು. ಅವರು ಸೀಟಿಗೆ ಒರಗಿ ನಕ್ಕರು. ನಾನು ಅವರನ್ನು ಕಂಡದ್ದು ಅದೇ ಕೊನೆ. ರಂಜಾನ್ ತಿಂಗಳು ಬರುವ ಮೊದಲೇ, ಒಂದು ಬೆಳಿಗ್ಗೆ, ಚಹಾ ಕುಡಿಯುತ್ತ ಕೂತಲ್ಲೇ ಅವರ ಎದೆಬಡಿತ ನಿಂತುಹೋಯಿತು.

ನಲವತ್ತು ದಿನ ಕಳೆದ ಮೇಲೆ ಮನೆಗೆ ಹೋದೆ. ಅವರ ಹೆಂಡತಿ ರಾಬಿಯಾಬಿ ಚಾಚಿ ಬಟ್ಟೆಯಲ್ಲಿ ಸುತ್ತಿದ ಸ್ಕ್ರೂಡ್ರೈವರ್ ತಂದುಕೊಟ್ಟರು. ಕಟ್ಟಿಗೆಯ ಹಿಡಿಯ ತುಂಬ ಹಲ್ಲಿನ ಗುರುತು.

"ತಡಾ ಮಾಡಿದೆ ಚಾಚಿ" ಎಂದೆ.

"ಅವ್ರು ಒಂದು ದಿನಾನೂ ಹಂಗ ಅಂದಿಲ್ಲ ಯವ್ವಾ" ಎಂದರು ಚಾಚಿ. "ಶುಕ್ರವಾರಕ್ಕೊಮ್ಮಿ ಆ ಎಂಜಿನ್ ತಿರಗಸಿ ಬರ್ತಿದ್ರು ನೋಡು. ಊಟಕ್ಕ ಕುಂತಾಗ ಹೇಳವ್ರು, ಇವತ್ತೂ ಮೂರು ಉಸಿರು ಕೇಳಸ್ತು, ಅಕ್ಕಾರು ಇನ್ನಾ ಸ್ವಲ್ಪ ತಡಾ ಮಾಡಿದ್ರೂ ನಡೀತದ ಅಂತ. ಪ್ರತಿ ವಾರ ಅದ ಮಾತು. ಒಂದು ಶುಕ್ರವಾರ ಬಂದ್ರು, ಕೈ ತೊಳಕೊಂಡ್ರು, ಉಣ್ಣಲಿಲ್ಲ. ಉಸಿರಿನ ಮಾತು ತಗೀಲಿಲ್ಲ."

ಯಾವಾಗ ಎಂದು ನಾನು ಕೇಳಬಾರದಿತ್ತು. ಕೇಳಿದೆ.

"ಬ್ಯಾಸಿಗ್ಯಾಗ ಯವ್ವಾ. ನೀನು ಪೇಪರ್ ತಿದ್ದೂದದ ಅಂತ ಹೇಳಿ ಹೋದ್ಯಲ್ಲ, ಅದರ ಮುಂದಿನ ವಾರ."

ಆ ಸಲ ನಾನು ತಿದ್ದಿದ್ದು ಎರಡೇ ಕಟ್ಟು ಪೇಪರ್. ಒಂದು ಮಧ್ಯಾಹ್ನದ ಕೆಲಸ. ಸ್ಕ್ರೂಡ್ರೈವರ್ ಈಗ ಕಾರಿನಲ್ಲೇ ಇರುತ್ತದೆ. ಶುಕ್ರವಾರ ಶಾಲೆ ಬಿಟ್ಟು ಬಂದ ಮೇಲೆ ಎಂಜಿನ್ ಶುರು ಮಾಡಿ ಸ್ವಲ್ಪ ಹೊತ್ತು ಅದರ ಮುಂದೆ ನಿಲ್ಲುತ್ತೇನೆ. ನನಗೆ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ.