ಹೈದರಾಬಾದಿಗೆ ಹೋಗದ ಶನಿವಾರ

ಸಿಂಧನೂರಿನ ನಮ್ಮ ಓಣಿಯಲ್ಲಿ ಸೋಮವಾರ ಸಂಜೆಯ ಭಜನೆಗೆ ನಾವು ಆರು ಜನ ಹೆಂಗಸರು ಸೇರುತ್ತೇವೆ. ಹಾರ್ಮೋನಿಯಂ ಹಿಡಿದು ಹಾಡುವವಳು ನನ್ನ ಗೆಳತಿ, ಶಾಲೆಯ ಟೀಚರು. ತಬಲಾ ಬಾರಿಸುವವರು ಯಾರೂ ಇಲ್ಲದ್ದರಿಂದ ನನ್ನ ತೊಡೆಯೇ ತಬಲಾ. ಮಸ್ಕಿಯ ಕಚೇರಿಯಲ್ಲಿ ದಿನವಿಡೀ ಅರ್ಜಿಗಳ ಮೇಲೆ ಸಿಕ್ಕಾ ಒತ್ತುವ ಕೈ ಇದು, ಪೆಟ್ಟು ಜೋರಾಗಿಯೇ ಬೀಳುತ್ತದೆ. ಅವಳು ರಾಗವನ್ನು ಎಷ್ಟು ದೂರ ಎಳೆದುಕೊಂಡು ಹೋದರೂ ಈ ಕೈ ನೋಡಿಯೇ ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಇಳಿಯುತ್ತಿದ್ದಳು.

ನಾವಿಬ್ಬರೂ ಫೋನಿನಲ್ಲೇ ಕೇಳಿ ಕೇಳಿ ಹುಚ್ಚರಾಗಿದ್ದ ಗಾಯಕಿಯೊಬ್ಬರು ಹೈದರಾಬಾದಿನ ಎರಡು ದಿನದ ಸಂಗೀತ ಸಭೆಯಲ್ಲಿ ಭಾನುವಾರ ಬೆಳಿಗ್ಗೆ ಹಾಡುತ್ತಾರೆಂದು ಗೊತ್ತಾಯಿತು. ಅವರಿಗೆ ವಯಸ್ಸಾಗಿತ್ತು. ಒಮ್ಮೆಯಾದರೂ ಎದುರಿಗೆ ಕೂತು ಕೇಳಬೇಕೆಂಬುದು ನನ್ನ ಎಷ್ಟೋ ವರ್ಷದ ಆಸೆ. ಹಳೆಯ ಲಗ್ನಪತ್ರಿಕೆಯ ಹಿಂದೆ ಎರಡೂ ದಿನದ್ದು ಬರೆದೆ: ಶನಿವಾರ ನಸುಕಿನ ಬಸ್ಸು, ಸಭಾಂಗಣದ ಹಿಂದಿನ ಲಾಡ್ಜು, ಸಂಜೆ ಸಿತಾರ, ಭಾನುವಾರ ಬೇಗ ಹೋಗಿ ಮುಂದಿನ ಸಾಲು, ಊಟವಾದ ಮೇಲೆ ವಾದ್ಯದ ಅಂಗಡಿಗಳು. ನಮ್ಮಿಬ್ಬರ ಪಾಸು ಎರಡೂ ಅವಳ ಫೋನಿಗೇ ಬಂದವು. ನಾನು ಬರೆದದ್ದರ ಫೋಟೋವನ್ನೂ ಅವಳು ತೆಗೆದುಕೊಂಡಳು.

ಶುಕ್ರವಾರ ಮಧ್ಯಾಹ್ನ ಅವಳ ಫೋನ್ ಬಂತು. "ಅಕ್ಕಾ, ಲಿಂಗಸುಗೂರಾಗ ನಮ್ಮ ಮನಿಯವರ ದೊಡ್ಡಪ್ಪ ತೀರಿಕೊಂಡಾರ. ಹನ್ನೊಂದ ದಿನ ಸೂತಕ. ಹಾಡು ಕೇಳಾಕ ಹೆಂಗ ಬರಲಿ?"

"ಇರಲಿ ಬಿಡವಾ, ನೀ ಇಲ್ಲದ ನಾನೂ ಹೋಗಂಗಿಲ್ಲ" ಅಂದೆ. ಅವಳನ್ನು ದುಃಖದಲ್ಲಿ ಬಿಟ್ಟು ಒಬ್ಬಳೇ ಹೋಗಿ ಕೇಳಲು ಮನಸ್ಸು ಒಪ್ಪಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಶನಿವಾರ ಬೆಳಿಗ್ಗೆ ಇಪ್ಪತ್ತು ಜೋಳದ ರೊಟ್ಟಿ ಬಡಿದು ಅವಳ ಮನೆಗೆ ಒಯ್ದೆ. ಬೀಗ ಹಾಕಿತ್ತು. ಪಾಪ, ಲಿಂಗಸುಗೂರಿಗೆ ಹೋಗಿದ್ದಾಳೆ ಅಂದುಕೊಂಡು ರೊಟ್ಟಿ ವಾಪಸು ತಂದೆ. ಭಜನೆಯವರಿಗೆಲ್ಲ ಸುದ್ದಿ ಮುಟ್ಟಿಸಿದವಳೂ ನಾನೇ.

ಸೋಮವಾರ ಅವಳು ಎಲ್ಲರಿಗಿಂತ ಮೊದಲೇ ಬಂದಿದ್ದಳು. ಹಾರ್ಮೋನಿಯಂ ತೆರೆದು, ಕಣ್ಣು ಮುಚ್ಚಿ, ಹೊಸದೇನೋ ಹಾಡುತ್ತಿದ್ದಳು. ಆ ಗಾಯಕಿಯದೇ ಧಾಟಿ. ಎಷ್ಟು ಚೆನ್ನಾಗಿತ್ತೆಂದರೆ ನನ್ನ ಕೈ ತಾನಾಗಿ ತೊಡೆಗೆ ಹೋಯಿತು. ಅಷ್ಟರಲ್ಲಿ ನಮ್ಮೊಳಗಿನ ಹಿರಿಯಳು ಬಾಗಿಲಲ್ಲೇ ನಿಂತು, "ಅಲ್ಲಬೇ, ನಿನಗ ಸೂತಕ ಐತಂತಲ್ಲ? ಪೆಟಿಗಿ ಹೆಂಗ ಮುಟ್ಟಿದಿ?" ಅಂದಳು.

ಹಾಡು ನಿಂತಿತು. ತಾನು ಹೇಳಿದ ಸುಳ್ಳನ್ನೇ ಅವಳು ಮರೆತುಬಿಟ್ಟಿದ್ದಳು. ಹೈದರಾಬಾದಿನಲ್ಲಿ ಕೇಳಿ ಬಂದದ್ದು ಎದೆ ತುಂಬ ಇತ್ತು, ಸೂತಕ ಎಲ್ಲಿ ನೆನಪಾಗಬೇಕು?

ಹೊರಗೆ ಕಟ್ಟೆಯ ಮೇಲೆ ಕೇಳಿದೆ. "ಯಾರ ಜೋಡಿ ಹೋಗಿದ್ದಿ?"

"ನಮ್ಮ ಹೆಡ್ ಮೇಡಂ ಜೋಡಿ."

"ನನ್ನನ್ಯಾಕ ಬಿಟ್ಟಿ?"

ಸೆರಗಿನ ಅಂಚು ಹಿಂಡಿದಳು. "ಸಿಟ್ಟಾಗಬ್ಯಾಡಕ್ಕಾ. ನೀ ಅಲ್ಲೂ ತೊಡಿ ಬಡಕೊಂತ ಕುಂದ್ರತಿ. ದೊಡ್ಡ ದೊಡ್ಡ ಮಂದಿ ಬಂದಿರತಾರ. ನಾಚಿಕಿ ಆಗತೈತಿ ಅಂತ…"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬೇಡವೆಂದು ಬಾಯಿಬಿಟ್ಟು ಹೇಳಿದ್ದರೆ ಹಿಂದಿನ ಸಾಲಿನಲ್ಲಿ ಬೇರೆಯಾಗಿ ಕೂತಾದರೂ ಕೇಳುತ್ತಿದ್ದೆ. ನಾನು ಬರೆದ ಹಾಳೆ ಹಿಡಿದು, ನಾನು ಹುಡುಕಿದ ಲಾಡ್ಜಿನಲ್ಲಿ ಇಳಿದು, ನನ್ನ ಪಾಸಿನಲ್ಲಿ ಇನ್ನೊಬ್ಬಳನ್ನು ಕೂರಿಸಿದ್ದಳು. ಇಷ್ಟಕ್ಕೆ ಗಟ್ಟಿಮುಟ್ಟಾಗಿದ್ದ ಮುದುಕನೊಬ್ಬನನ್ನು ಸಾಯಿಸಿದ್ದಳು.

ಮುಂದಿನ ಸೋಮವಾರವೂ ಹೋದೆ. ಭಜನೆ ಅವಳೊಬ್ಬಳದಲ್ಲವಲ್ಲ. ಅವಳು ಅದೇ ಹೊಸ ಹಾಡು ಎತ್ತಿಕೊಂಡಳು. ಎಳೆದಳು, ಏರಿದಳು, ಇಳಿಯುವ ಜಾಗಕ್ಕಾಗಿ ನನ್ನ ಕಡೆ ನೋಡಿದಳು. ನಾನು ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಇನ್ನೊಂದು ಸುತ್ತು ಹೋದಳು, ಮತ್ತೊಂದು ಸುತ್ತು ಹೋದಳು, ಎಲ್ಲಿ ಇಳಿಯಬೇಕೋ ತಿಳಿಯದೆ ನಿಂತುಬಿಟ್ಟಳು.

"ಅಕ್ಕಾ, ತಾಳ" ಅಂದಳು ಸಣ್ಣ ದನಿಯಲ್ಲಿ.

"ನಾಚಿಕಿ ಆಗತೈತಿ" ಅಂದೆ.