ಮಾಟಕ್ಕೆ ಒಪ್ಪದ ಮಾಟಗಾತಿ

ಮೊದಲೇ ಹೇಳಿಬಿಡುತ್ತೇನೆ, ನಾಳೆ ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ: ಸ್ವಂತ ತಂಗಿಗೆ ಮಾಟ ಮಾಡಿಸಲು ಹೋದವನು ನಾನು. ಗಾಬರಿಯಾಗಬೇಡಿ, ಕೆಟ್ಟದ್ದಕ್ಕಲ್ಲ. ಎರಡು ವರ್ಷದಿಂದ ಮಾತು ಬಿಟ್ಟಿರುವ ಮಮತಾ ಒಮ್ಮೆ ಫೋನೆತ್ತಿ ‘ಅಣ್ಣ’ ಎನ್ನಲಿ, ಅಷ್ಟೇ ಆಸೆ. ಊರಿನ ದೇವರು, ದೈವಗಳಿಗೆಲ್ಲ ಹರಕೆ ಹೇಳಿಕೊಂಡು ಮುಗಿದಿತ್ತು. ಯಾರೂ ಕೇಸು ಕೈಗೆತ್ತಿಕೊಂಡ ಲಕ್ಷಣ ಕಾಣಲಿಲ್ಲ. ಉಳಿದದ್ದು ನಾನು ದುಡಿಯುವ ಬಹರೈನಿನಲ್ಲಿ, ರಿಫಾದ ಒಂದು ವಿಲ್ಲಾದಲ್ಲಿರುವ ಇಂಗ್ಲಿಷ್ ಹೆಂಗಸು.

ತಪ್ಪು ನನ್ನದೇ. ಮಮತಾ ಕಾಪುವಿನಲ್ಲಿ ಟೀಚರ್. ನಲ್ವತ್ತಕ್ಕೆ ಎರಡು ಕಮ್ಮಿ, ಮದುವೆಯಾಗಿಲ್ಲ. ಅವಳನ್ನು ನೋಡಲು ಬಂದ ಒಬ್ಬ ಗಂಡು ‘ನಾಲ್ಕು ಹೆಜ್ಜೆ ನಡೆದು ತೋರಿಸಿ’ ಎಂದನಂತೆ. ಇವಳು ‘ಮೊದಲು ನೀವು ನಡೆದು ತೋರಿಸಿ’ ಎಂದಳಂತೆ. ಹೇಳಿದ್ದು ನನ್ನೊಬ್ಬನಿಗೆ, ಫೋನಿನಲ್ಲಿ. ಆ ಸಂಜೆಯೇ ನಾನು ಅದಕ್ಕೆ ಒಳ್ಳೆ ಒಗ್ಗರಣೆ ಕೊಟ್ಟು ಫೇಸ್‌ಬುಕ್ಕಿಗೆ ಹಾಕಿದೆ. ಹೆಸರು ಬರೆದಿರಲಿಲ್ಲ, ಆದರೆ ನನಗಿರುವುದು ಒಬ್ಬಳೇ ತಂಗಿ ಎಂದು ಇಡೀ ಕಾಪುವಿಗೆ ಗೊತ್ತುಂಟು. ಆ ಪೋಸ್ಟು ಎಷ್ಟು ಓಡಿತೆಂದರೆ, ಅವಳ ಶಾಲೆಯ ಸ್ಟಾಫ್‌ರೂಮಿನಲ್ಲಿ ಒಬ್ಬರು ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿದರಂತೆ. ‘ಅಣ್ಣ, ಅದು ನನ್ನದಾಗಿತ್ತು’ ಎಂದು ಒಂದು ಮೆಸೇಜು ಬಂತು. ಆಮೇಲೆ ಬ್ಲಾಕ್.

ಈಗ ಆ ಇಂಗ್ಲಿಷ್ ಹೆಂಗಸಿಗೆ ಬರೋಣ. ಅವರ ಹೆಸರು ಹೆಲೆನ್ ಎಂದಿಟ್ಟುಕೊಳ್ಳಿ; ನಿಜವಾದ ಹೆಸರು ಬೇಡ ಎಂದಿದ್ದಾರೆ. ಅರುವತ್ತರ ಹತ್ತಿರ ವಯಸ್ಸು, ಮಕ್ಕಳಿಗೆ ಪಿಯಾನೊ ಕಲಿಸುತ್ತಾರೆ. ನಾನು ಮೀನಾ ಸಲ್ಮಾನ್ ಬಂದರಿನ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಏಸಿ ರಿಪೇರಿಯವನು. ಬೇಸಗೆಯಲ್ಲಿ ಈ ದ್ವೀಪದಲ್ಲಿ ಡಾಕ್ಟರಿಗಿಂತ ನಮಗೆ ಮರ್ಯಾದೆ ಜಾಸ್ತಿ. ನಾಲ್ಕು ವರ್ಷದ ಹಿಂದೆ ಅವರ ಬೆಡ್‌ರೂಮಿನ ಏಸಿ ನೀರು ಸುರಿಸುತ್ತಿದೆಯೆಂದು ನಾನೂ ನಮ್ಮ ವ್ಯಾನಿನ ಡ್ರೈವರ್ ಉಳ್ಳಾಲದ ಹಮೀದಾಕನೂ ಹೋದೆವು. ಏಸಿಯ ಕೆಳಗೇ ಒಂದು ಸಣ್ಣ ಮೇಜು. ಮೇಜಿನ ಮೇಲೆ ಒಂದು ಕಲ್ಲು, ಒಂದು ಹಕ್ಕಿಯ ಗರಿ, ಒಂದು ಮೇಣದಬತ್ತಿ, ಚಿಟಿಕೆ ಉಪ್ಪು, ಒಂದು ಬಟ್ಟಲು ನೀರು. ತೊಟ್ಟಿಕ್ಕುವ ನೀರು ಹಿಡಿಯಲು ಇಟ್ಟ ಬಟ್ಟಲೆಂದುಕೊಂಡು ನಾನು ಅದನ್ನೆತ್ತಿ ಟಾಯ್ಲೆಟ್ಟಿಗೆ ಚೆಲ್ಲಿ ಬಂದೆ.

ಹೆಲೆನ್ ಬಾಗಿಲಲ್ಲಿ ನಿಂತು ಖಾಲಿ ಬಟ್ಟಲನ್ನು ನೋಡಿದರು. “ಅದು ನನ್ನ ಪಶ್ಚಿಮ ದಿಕ್ಕಾಗಿತ್ತು” ಎಂದರು.

ಕಲ್ಲು ಭೂಮಿ, ಗರಿ ಗಾಳಿ, ಬತ್ತಿ ಬೆಂಕಿ, ಬಟ್ಟಲು ನೀರು. ಒಂದೊಂದಕ್ಕೆ ಒಂದೊಂದು ದಿಕ್ಕು. ಅದು ಅವರ ದೇವರ ಮೇಜು. ಹಮೀದಾಕ ನನ್ನ ಕಿವಿಯ ಹತ್ತಿರ ಬಂದು, “ಸುಧಾಕರಾ, ನೀನು ಅವ್ರ ದೇವರನ್ನೇ ಫ್ಲಶ್ ಮಾಡಿದಿಯಲ್ಲ ಮಾರಾಯಾ!” ಎಂದರು. ಹೆಲೆನ್ ಮಾತ್ರ ಸಿಟ್ಟು ಮಾಡಲಿಲ್ಲ. ನಲ್ಲಿಯಿಂದ ಬಟ್ಟಲು ತುಂಬಿಸಿ ತಂದಿಟ್ಟರು. “ದೇವರು ನೀರಿನಲ್ಲಿದ್ದರೆ ಪೈಪಿನಲ್ಲೂ ಇರಬೇಕಲ್ಲ” ಎಂದು ನಕ್ಕರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ತಪ್ಪಿದ್ದರೆ ನನ್ನದು. ಚಹಾ ಕೊಟ್ಟರು. ತಮ್ಮ ನಂಬಿಕೆಗೆ ವಿಕ್ಕಾ ಎಂದು ಹೆಸರು, ಅದನ್ನು ನಂಬುವವರು ತಮ್ಮನ್ನು ವಿಚ್, ಅಂದರೆ ಮಾಟಗಾತಿ, ಎಂದೇ ಕರೆದುಕೊಳ್ಳುತ್ತಾರೆ ಎಂದರು.

ನಾನು ಮನೆಗೆ ಬಂದು ಹೆಂಡತಿ ಶಾಲಿನಿಗೆ ಹೇಳಿದ್ದೇ ತಪ್ಪಾಯಿತು.

“ಎಂತ? ಮಾಟಗಾತಿ ಮನೇಲಿ ಚಾ ಕುಡ್ದು ಬಂದ್ರಾ? ಅಲ್ಲೇ ನಿಲ್ಲಿ, ಒಳಗೆ ಬರ್ಬೇಡಿ” ಎಂದವಳು ಉಪ್ಪು, ಮೆಣಸು ತಂದು ಮೂರು ಸಲ ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದಳು. ಇಬ್ಬರೂ ಕೆಮ್ಮಿದೆವು. ಕೆಮ್ಮುತ್ತಾ ನನಗೆ ಹೊಳೆದದ್ದು: ಮಾಟಗಾತಿಯನ್ನು ಓಡಿಸಲು ಇವಳು ಬಳಸಿದ್ದೂ ಉಪ್ಪು, ಬೆಂಕಿಯೇ. ಆ ಮೇಜಿಗೂ ನಮ್ಮ ಅಡುಗೆಮನೆಗೂ ಏನು ವ್ಯತ್ಯಾಸ? ಅವರು ಮೊದಲೇ ಒಪ್ಪಿಕೊಂಡಿದ್ದಾರೆ, ನಾವು ಬಾಗಿಲು ಹಾಕಿ ಮಾಡುತ್ತೇವೆ.

ನಾಲ್ಕು ವರ್ಷ ಆ ಮನೆಯ ಏಸಿಗಳ ನೆಪದಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ನನ್ನ ಬಾಯಿ ನಿಮಗೆ ಗೊತ್ತಲ್ಲ. ನೀವು ಸೈತಾನನ ಪೂಜೆ ಮಾಡುತ್ತೀರಂತಲ್ಲ ಎಂದು ಮುಖಕ್ಕೇ ಕೇಳಿದ್ದೇನೆ. ಸೈತಾನನನ್ನು ಪೂಜಿಸಬೇಕಾದರೆ ಮೊದಲು ಅವನನ್ನು ನಂಬಬೇಕು, ಅವನು ಬೇರೆಯವರ ಕಥೆಯ ಪಾತ್ರ ಎಂದರು. ಅಂದರೆ ಅವರ ಮನೆಯ ರೇಷನ್ ಕಾರ್ಡಿನಲ್ಲಿ ಆ ಹೆಸರೇ ಇಲ್ಲ. ಹಾಗಾದರೆ ದೇವರು ಎಷ್ಟು? ಅವರಲ್ಲೇ ಕೆಲವರು ಹಲವು ಎನ್ನುತ್ತಾರಂತೆ, ಕೆಲವರು ಒಂದರ ಹಲವು ಮುಖ ಎನ್ನುತ್ತಾರಂತೆ. ಹೆಲೆನ್ ಒಂದು ದೇವಿ, ಒಂದು ದೇವ ಎನ್ನುತ್ತಾರೆ. ಹುಟ್ಟಿಸುವ ಶಕ್ತಿಯನ್ನು ಬರೀ ಗಂಡಸೆಂದು ಕಲ್ಪಿಸುವುದಕ್ಕೆ ಯಾರು ಕಾರಣ ಕೊಟ್ಟಿದ್ದಾರೆ ಎಂಬುದು ಅವರ ಪ್ರಶ್ನೆ. ಇದನ್ನು ಶಾಲಿನಿಗೆ ಹೇಳಿದಾಗ, “ಅದೊಂದು ಮಾತ್ರ ಸಮ ಹೇಳಿದ್ದಾರೆ” ಎಂದಳು. ಅವತ್ತು ಮೆಣಸು ಉಳಿಯಿತು.

ಹಲವು ದೇವರೆಂದರೆ ನಗುವವರಿಗೆ ನನ್ನ ಕಸುಬಿನಿಂದ ಒಂದು ಮಾತು ಹೇಳುತ್ತೇನೆ. ‘ತಂಪು’ ಎನ್ನುವುದು ಒಂದೇ, ಸರಿ. ಆದರೆ ಬರೀ ತಂಪನ್ನು ಯಾರೂ ರಿಪೇರಿ ಮಾಡಲಾರರು. ಯಾರದೋ ಒಂದು ಮನೆಯ ತಾರಸಿ ಹತ್ತಿ, ಒಂದು ಮಿಷನ್ನಿನೆದುರು ಕುಕ್ಕರಗಾಲಿನಲ್ಲಿ ಕೂರಲೇಬೇಕು. ದೊಡ್ಡದು ನಮಗೆ ಸಿಗುವುದು ಹಾಗೆಯೇ: ಈ ಮರದಲ್ಲಿ, ಈ ಕಲ್ಲಿನಲ್ಲಿ, ಈ ಹೊತ್ತಿನಲ್ಲಿ. ಮನೆಯ ನಾಗಬನಕ್ಕೆ ಹಾಲೆರೆದು ಬೆಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಲವಾದ ಆಕ್ಷೇಪ ಎತ್ತಿದ್ದು ಹಮೀದಾಕ. ಐದು ಹೊತ್ತು ತಪ್ಪಿಸದ ಮನುಷ್ಯ. “ಮೇಡಂ, ಸೃಷ್ಟಿಸಿದವ ಬೇರೆ, ಸೃಷ್ಟಿಸಿದ್ದು ಬೇರೆ. ಬಡಗಿಯನ್ನು ಬಿಟ್ಟು ಕುರ್ಚಿಗೆ ಕೈ ಮುಗಿಯುವುದಾ?” ಎಂದು ಹಿಂದಿಯಲ್ಲಿ ಕೇಳಿದರು, ನಾನು ಇಂಗ್ಲಿಷು ಮಾಡಿದೆ. ಹೆಲೆನ್ ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಸರಿಸಿದರು. “ನೀವು ಪ್ರಪಂಚವನ್ನು ಕುರ್ಚಿಯ ಹಾಗೆ ನೋಡುತ್ತೀರಿ, ಮಾಡಿದ್ದು ಅಂತ. ನಾನು ಮರದ ಹಾಗೆ ನೋಡುತ್ತೇನೆ, ಬೆಳೆದದ್ದು ಅಂತ. ಮರದೊಳಗಿನ ಜೀವವನ್ನು ಮರದಿಂದ ಹೊರಗೆ ನಿಲ್ಲಿಸಿ ತೋರಿಸಲಾಗುತ್ತದಾ?” ಹಮೀದಾಕ ಬಿಡಲಿಲ್ಲ. “ಮರಕ್ಕೂ ಬೀಜ ಹಾಕಿದವ ಒಬ್ಬ ಬೇಕಲ್ಲ.” “ಅಲ್ಲಿಗೆ ಬಂದರೆ ನಾನು ಸುಮ್ಮನಾಗುತ್ತೇನೆ” ಎಂದರು ಹೆಲೆನ್. “ಸುಮ್ಮನಾಗುವವರು ಒಳ್ಳೆಯವರು” ಎಂದರು ಹಮೀದಾಕ. ಇಬ್ಬರೂ ತಮ್ಮ ತಮ್ಮ ಜಾಗದಿಂದ ಒಂದಿಂಚು ಕದಲಲಿಲ್ಲ. ಬಿಸ್ಕತ್ತು ಮಾತ್ರ ಆಚೆಯಿಂದೀಚೆ ಹೋಯಿತು.

ನನ್ನ ಆಕ್ಷೇಪ ಬೇರೆ. ಈ ವಿಕ್ಕಾ ಹಳೆಯದೇನಲ್ಲ, ಕಳೆದ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಕೆಲವರು ಕೂಡಿ ಕಟ್ಟಿದ್ದು ಎಂದು ಮೊಬೈಲಿನಲ್ಲಿ ಓದಿದ್ದೆ. ಹೆಲೆನ್ ಅಡಗಿಸಲಿಲ್ಲ. ಹೌದು, ಹೊಸದು ಎಂದರು. ಉತ್ತರ ನನಗೇ ಹೊಳೆಯಿತು, ಇಲ್ಲಿಯ ಬಾರ್ಬಾರ್ ಎಂಬ ಹಳ್ಳಿಯಲ್ಲಿ. ಅಲ್ಲಿ ಸಾವಿರಾರು ವರ್ಷ ಹಳೆಯ ಗುಡಿಯೊಂದರ ತಳಪಾಯವುಂಟು. ಕಲ್ಲಿನ ಮೆಟ್ಟಿಲು ಇಳಿದರೆ ಹಿಂದೆ ಸಿಹಿನೀರು ಉಕ್ಕುತ್ತಿದ್ದ ಕೊಳ. ಇಲ್ಲಿ ಸಮುದ್ರದ ತಳದಲ್ಲೂ ಸಿಹಿನೀರಿನ ಒಸರು ಇದ್ದವು, ಮುತ್ತು ಹೆಕ್ಕುವವರು ಉಪ್ಪುನೀರಿನಲ್ಲಿ ಮುಳುಗಿ ಚೀಲದಲ್ಲಿ ಕುಡಿಯುವ ನೀರು ತುಂಬಿಸಿಕೊಂಡು ಮೇಲೆ ಬರುತ್ತಿದ್ದರು ಎನ್ನುತ್ತಾರೆ. ಆ ಮೆಟ್ಟಿಲ ಮೇಲೆ ನಿಂತಾಗ ನನ್ನ ಮೈ ಜುಂ ಎಂದಿತು. ಗುಡಿಯೂ ಒಂದು ಕಾಲಕ್ಕೆ ಹೊಚ್ಚಹೊಸದಿತ್ತಲ್ಲ! ಅಕ್ಕಪಕ್ಕದವರು ‘ಇದೆಂತ ಹೊಸ ರಗಳೆ’ ಎಂದಿರಬೇಕು. ನಮ್ಮ ಮನೆಯ ದೈವವೂ ಮುತ್ತಜ್ಜನ ಕಾಲಕ್ಕೆ ಬಂದು ನೆಲೆಯಾದದ್ದು. ಅದಕ್ಕೆ ಮೊದಲು ಅಲ್ಲಿ ಇದ್ದದ್ದು ದನದ ಹಟ್ಟಿ. ಬಾವಿ ಹೊಸದಿರಬಹುದು, ನೀರು ಯಾರೂ ಮಾಡಿದ್ದಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಅವರನ್ನು ಗೇಲಿ ಮಾಡದೆ ಬಿಡಲಿಲ್ಲ. ಅವರಿಗೆ ವರ್ಷಕ್ಕೆ ಎಂಟು ಹಬ್ಬ. ಡಿಸೆಂಬರಿನಲ್ಲಿ ಸೂರ್ಯ ತಿರುಗಿ ಬರುತ್ತಾನೆಂದು ಸಂಭ್ರಮ. ಬಹರೈನಿನಲ್ಲಿ ಸೂರ್ಯ ತಿರುಗಿ ಬಾ ಎಂದು ಕರೆಯುವವರು ಯಾರು ಮಾರಾಯ್ರೇ? ಅವನು ಹೋದರೆ ಸಾಕೆಂದು ನಾವಿದ್ದೇವೆ. ಹೆಲೆನ್ ಗಂಭೀರವಾಗಿ, “ನಿಜ, ನಿಂತ ನೆಲದ ಋತು ನೋಡದೆ ಪುಸ್ತಕದ ಋತು ಆಚರಿಸಿದರೆ ಅದು ಪೂಜೆಯಲ್ಲ, ಹೋಂವರ್ಕ್” ಎಂದರು. ಆಮೇಲೆ, ಸೆಪ್ಟೆಂಬರಿನಲ್ಲಿ ಬೆಳಕಾಗುವ ಮೊದಲು ಒಂದು ದಿನ ಬನ್ನಿ ಎಂದರು.

ಹೋದ ಸೆಪ್ಟೆಂಬರಿನಲ್ಲಿ ಹೋದೆವು. ತಾರಸಿಯ ಕೆಲಸ ಹೇಗೂ ಬಿಸಿಲೇರುವ ಮೊದಲೇ ಮಾಡುವುದು ನಮ್ಮ ಕ್ರಮ. ಹಮೀದಾಕ ಫಜರಿನ ನಮಾಜು ಮುಗಿಸಿ ಬಂದಿದ್ದರು. ಮೇಲೆ ಹೆಲೆನ್ ಚಹಾದ ಫ್ಲಾಸ್ಕು, ಆ ನೀರಿನ ಬಟ್ಟಲು ಹಿಡಿದು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರು. ಮನೆಗಳು ಮುಗಿದು ಮರಳು ಶುರುವಾಗುವ ಕಡೆ, ನೆಲಕ್ಕೆ ತಾಗುವಷ್ಟು ಕೆಳಗೆ, ಒಂದೇ ಒಂದು ನಕ್ಷತ್ರ. ಈಗ ಆರುತ್ತದೆ ಎಂಬ ಹಾಗೆ ನಡುಗುತ್ತಿತ್ತು, ಆರುತ್ತಿರಲಿಲ್ಲ.

“ಯಾ ಅಲ್ಲಾ, ಸುಹೈಲ್!” ಎಂದರು ಹಮೀದಾಕ. ಇಲ್ಲಿಯವರಿಗೆ ಸುಹೈಲ್ ಮೂಡಿದರೆ ಸೆಕೆಯ ಬೆನ್ನು ಮುರಿಯಿತೆಂದು ಅರ್ಥ. ನನಗೆ ಅಜ್ಜನ ನೆನಪಾಯಿತು. ಅದು ಅಗಸ್ತ್ಯ; ಅಗಸ್ತ್ಯ ಮೂಡಿದರೆ ಕೆಸರುನೀರು ತಿಳಿಯಾಗುತ್ತದೆ ಎನ್ನುತ್ತಿದ್ದರು ಅವರು. ಹೆಲೆನ್ ಅದಕ್ಕೆ ಯಾವ ಹೆಸರೂ ಹೇಳಲಿಲ್ಲ. ಬಟ್ಟಲಿನ ನೀರು ಮೇಲೆತ್ತಿ ಸ್ವಲ್ಪ ನೆಲಕ್ಕೆ ಸುರಿದರು. ಅವರು ತಮ್ಮ ಊರಿನ ಹಬ್ಬಗಳ ನಡುವೆ ಈ ಮಣ್ಣಿನದೊಂದನ್ನು ಸೇರಿಸಿಕೊಂಡಿದ್ದರು. ವರ್ಷವಿಡೀ ತಂಪು ಕೊಡುತ್ತೇನೆಂದು ಮೀಸೆ ತಿರುವಿದವನು ನಾನು. ನಮ್ಮ ಇಡೀ ದ್ವೀಪದ ಕಂಪ್ರೆಸರುಗಳು ಸೇರಿದರೂ ಆಗದ ಕೆಲಸವನ್ನು ಆ ಬೆಳಕಿನ ಚುಕ್ಕಿ ಬಂದಿದೆಯೆಂಬ ಸುದ್ದಿಯೇ ಮಾಡುತ್ತಿತ್ತು. ಬೆವರಿದ ಮೈಯಲ್ಲಿ ನವಿರೆದ್ದಿತು.

ಆ ಗುಂಗಿನಲ್ಲೇ ನಾನು ಬಾಯಿ ಬಿಟ್ಟೆ. ಮಮತಾಳ ಕಥೆಯೆಲ್ಲ ಹೇಳಿ, ಏನಾದರೂ ಮಾಡಿ ಅವಳ ಮನಸ್ಸು ತಿರುಗಿಸಿ ಮೇಡಂ ಎಂದೆ.

“ಅವಳನ್ನು ಕೇಳಿದ್ದೀರಾ?” ಎಂದರು ಹೆಲೆನ್.

“ಕೇಳುವ ಹಾಗಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ?”

“ಕೇಳದೆ ಮಾಡುವುದಿಲ್ಲ.”

ಒಳ್ಳೆಯದಕ್ಕಲ್ಲವಾ ಎಂದೆ. ಒಳ್ಳೆಯದಕ್ಕೂ ಇಲ್ಲ ಎಂದರು. ಯಾರನ್ನೂ ನೋಯಿಸಬೇಡ ಎನ್ನುವುದು ಅವರ ದಾರಿಯ ಮೊದಲ ಮಾತು. ಒಬ್ಬರ ಒಪ್ಪಿಗೆಯಿಲ್ಲದೆ ಅವರ ಮೇಲೆ ಯಾವ ಕ್ರಿಯೆಯನ್ನೂ ಮಾಡದಿರುವುದು ಅವರು ಅದರಿಂದ ಕಲಿತ ಪಾಠ. ಕಾರಣವನ್ನೂ ಹೇಳಿದರು. ದೇವಿ ಮರದಲ್ಲಿದ್ದಾಳೆ, ನೀರಿನಲ್ಲಿದ್ದಾಳೆ ಎನ್ನುವುದು ಸುಲಭ. ಹಾಗಾದರೆ ಮಮತಾಳ ‘ಇಲ್ಲ’ ಎಂಬ ಮಾತಿನೊಳಗೂ ಇದ್ದಾಳಲ್ಲ. ಅದರ ಬೀಗ ಒಡೆದು ಒಳಗೆ ಹೋಗುವುದು ಗುಡಿಗೆ ಕನ್ನ ಹಾಕಿದ ಹಾಗೆ.

ಹಮೀದಾಕ ತಲೆಯಾಡಿಸಿ, “ಇದು ಹಕ್ಕಿನ ಮಾತು. ನೀನು ಒಮ್ಮೆ ಕದ್ದದ್ದು ಸಾಲದೂಂತ ಎರಡನೇ ಸಲ ಕದಿಯಲಿಕ್ಕೆ ಹೊರಟದ್ದಾ?” ಎಂದು ನನಗೆ ಸರಿಯಾಗಿ ಕೊಟ್ಟರು. ಒಂದಿಂಚು ಕದಲದಿದ್ದ ಇಬ್ಬರೂ ನನ್ನ ವಿಷಯದಲ್ಲಿ ಒಂದೇ ಜಾಗಕ್ಕೆ ಬಂದು ನಿಂತಿದ್ದರು.

ನಾನು ದಂಗಾದೆ. ಐವತ್ತು ವರ್ಷದಿಂದ ಕೈ ಮುಗಿಯುತ್ತಿದ್ದೇನೆ. ಬಾಸಿನ ಮನಸ್ಸು ತಿರುಗಿಸು, ವೀಸಾ ಆಫೀಸಿನವನ ಮನಸ್ಸು ತಿರುಗಿಸು, ತಂಗಿಯ ಮನಸ್ಸು ತಿರುಗಿಸು. ನನ್ನ ಹರಕೆಗಳೆಲ್ಲ ಬೇರೆಯವರ ತಲೆಯೊಳಗೆ ಕೈ ಹಾಕುವ ಅರ್ಜಿಗಳು. ಮಾಟ ಮಾಡುವವನು ನಾನೇ ಆಗಿದ್ದೆ. ಮಾಟಗಾತಿ ಎಂದು ಹೇಳಿಕೊಂಡ ಹೆಲೆನ್ ಕೈ ಕಟ್ಟಿ ನಿಂತಿದ್ದರು. ವಿಕ್ಕಾದ ಪರವಾಗಿ ನಾನು ಇಷ್ಟುದ್ದ ಬರೆಯುತ್ತಿರುವುದು ಇದಕ್ಕೇ. ಒಂದು ಧರ್ಮ ಸಾಚಾವೋ ಅಲ್ಲವೋ ಎಂದು ಅದರ ವಯಸ್ಸು ಕೇಳಿ, ದೇವರ ತಲೆ ಎಣಿಸಿ ತಿಳಿಯುವುದಿಲ್ಲ. ಶಕ್ತಿ ಕೈಯಲ್ಲಿದೆ ಎಂದು ನಂಬಿದವರು ಯಾವ ಬಾಗಿಲಲ್ಲಿ ನಿಲ್ಲುತ್ತಾರೆ, ಅದನ್ನು ನೋಡಬೇಕು.

ಅವತ್ತೇ ಆ ಹಳೆಯ ಪೋಸ್ಟು ತೆಗೆದೆ. ಕ್ಷಮಿಸು ಎಂದು ಹೇಳಿ ಕಳಿಸಲು ಧೈರ್ಯವಾಗಲಿಲ್ಲ. ಅದೂ ಒಂದು ಒತ್ತಾಯವೇ ಅನ್ನಿಸಿತು. ಕಳೆದ ತಿಂಗಳು ಇದನ್ನು ಬರೆದೆ. ಹೆಲೆನ್, ಹಮೀದಾಕ ಇಬ್ಬರಿಗೂ ಹೇಳಿ ಒಪ್ಪಿಗೆ ತೆಗೆದುಕೊಂಡೆ. ಮಮತಾಳಿಗೆ ಶಾಲಿನಿಯ ಫೋನಿನಿಂದ ಕಳಿಸಿ, ‘ಇದರಲ್ಲಿ ನೀನಿದ್ದೀಯ. ಬೇಡ ಎಂದರೆ ಹಾಕುವುದಿಲ್ಲ, ಕಾರಣ ಹೇಳಬೇಕಾಗಿಲ್ಲ’ ಎಂದು ಬರೆದೆ. ಎರಡು ನೀಲಿ ಗೆರೆ ಬಂತು. ಹನ್ನೊಂದು ದಿನ ಉತ್ತರವಿಲ್ಲ. ಹನ್ನೊಂದು ದಿನ ನಾನು ಯಾವ ದೇವರಿಗೂ ಏನೂ ಹೇಳಲಿಲ್ಲ.

ನಿನ್ನೆ ಶಾಲಿನಿ ಅಡುಗೆಮನೆಯಿಂದಲೇ ಕೂಗಿದಳು. “ಓ ಇವ್ರೇ, ಮಮತಾ ಹಾಕ್ಬಹುದಂತೆ. ಆದ್ರೆ ಅವತ್ತು ಫೋನಲ್ಲಿ ಅವ್ಳು ಅತ್ತದ್ದನ್ನೂ ಬರೀಬೇಕಂತೆ. ಹೋದ ಸಲ ನೀವು ಅದನ್ನು ಬಿಟ್ಟಿದ್ರಂತೆ.”

ಹೌದು, ಬಿಟ್ಟಿದ್ದೆ. ಆ ನಾಲ್ಕು ಹೆಜ್ಜೆಯ ಕಥೆ ಹೇಳುತ್ತಾ ನನ್ನ ತಂಗಿ ಅವತ್ತು ಇಪ್ಪತ್ತು ನಿಮಿಷ ಅತ್ತಳು. ನಡುವೆ ನಾನು ಎರಡು ಸಲ ನಕ್ಕೆ.