ಸೇರಿನ ಮೇಲೆ ಎಳೆದ ಪಟ್ಟಿ

ಬಿಜಾಪುರ ಕಡೆಯ ಆ ಗಾರೆ ಕೆಲಸದ ಹೆಂಗಸು, ನಾನು ಅಳೆದು ಕೊಟ್ಟ ಗೋಧಿನುಚ್ಚನ್ನು ತಿರುಗಿ ನನ್ನ ಮೂಟೆಗೇ ಸುರಿದಳು. ಎಪ್ಪತ್ತರ ದಶಕದಲ್ಲಿ ರೇಷನ್ ಸಿಗದೆ ಜನ ಒದ್ದಾಡುತ್ತಿದ್ದಾಗ, ಜೋಗೇಶ್ವರಿ ಬಡಾವಣೆಯ ನಮ್ಮ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ನೆರೆಹೊರೆಯವರಿಗೆ ನುಚ್ಚು ಹಂಚುತ್ತಿದ್ದೆವು. ಕಮಿಟಿಯವರ ಅಪ್ಪಣೆಯಂತೆ ನಾನು ತುಂಬಿದ ಸೇರಿನ ಮೇಲೆ ಮರದ ಪಟ್ಟಿ ಎಳೆದು, ಹೆಚ್ಚಾದದ್ದನ್ನು ಕೆಡವಿ ಕೊಡುತ್ತಿದ್ದೆ.

“ನಮ್ಮೂರಾಗ ಬೇಡಾಕ ಬಂದ ಜೋಗಮ್ಮಗೂ ಸೇರ ಸವರಿ ಹಾಕೂದಿಲ್ರಿ. ದೇವರ ಹೆಸರ್ಲೆ ಕೊಡಾವ್ರು ನೀವು, ನಾಚಿಕಿ ಬರೂದಿಲ್ಲೇನು?” ಎಂದವಳೇ ಖಾಲಿ ಚೀಲ ಕೊಡವಿ ಹೊರಟುಹೋದಳು.

ನನ್ನ ಬೆನ್ನ ಹಿಂದೆ ಮೂಟೆಗಟ್ಟಲೆ ನುಚ್ಚು ಹುಳು ಹಿಡಿಯುತ್ತಿತ್ತು. ನಾನು ಹಸಿದವಳ ಪಾಲಿನಿಂದ ಒಂದು ಹಿಡಿ ಉಳಿಸುತ್ತಿದ್ದೆ! ಥೂ ಎನಿಸಿ ಪಟ್ಟಿಯನ್ನು ಮೊಣಕಾಲಿಗೆ ಹಾಕಿ ಮುರಿದೆ.

ಮುಂದಿನ ಭಾನುವಾರ ಮೇಜಿನ ಮೇಲೆ ಕಮಿಟಿಯವರು ಹೊಸ ಪಟ್ಟಿ ಇಟ್ಟಿದ್ದರು. ಅವಳು ಮತ್ತೆಂದೂ ಬರಲಿಲ್ಲ.